ಪ್ರಶ್ನೆಗೆ ಉಳಿದ ಐದು ನಿಮಿಷ

‘ಅಧ್ಯಕ್ಷರು’ ಎಂಬ ಒಂದೇ ಪದಕ್ಕೆ ಬೆಂಗಳೂರಿನಲ್ಲಿ ಒಂದು ಕೆಲಸ, ಲಂಡನ್ನಿನಲ್ಲಿ ಅದಕ್ಕೆ ತದ್ವಿರುದ್ಧವಾದ ಕೆಲಸ. ನಮ್ಮಲ್ಲಿ ಉಪನ್ಯಾಸದ ಅಧ್ಯಕ್ಷರೆಂದರೆ ಎಲ್ಲರಿಗಿಂತ ಕೊನೆಗೆ ಎದ್ದು, ಉಪನ್ಯಾಸಕರು ಹೇಳಿದ್ದನ್ನು ಇನ್ನೊಮ್ಮೆ ಹೇಳಿ, ಅದರ ಮೇಲೆ ತಮ್ಮದೂ ಇಪ್ಪತ್ತು ನಿಮಿಷ ಸೇರಿಸುವ ಹಿರಿಯರು. ಇಲ್ಲಿ ಲಂಡನ್ನಿನಲ್ಲಿ ಅಧ್ಯಕ್ಷರೆಂದರೆ ಸಭೆಯಲ್ಲಿ ಅತಿ ಕಡಿಮೆ ಮಾತಾಡಬೇಕಾದವರು. ಎರಡು ಮೂರು ನಿಮಿಷದಲ್ಲಿ ಪರಿಚಯ ಮುಗಿಸಿ ಕೂರುತ್ತಾರೆ. ಆಮೇಲೆ ಕಣ್ಣು ಗಡಿಯಾರದ ಮೇಲೆ, ಬೆರಳು ಮೈಕು ಯಾವ ಸಾಲಿಗೆ ಹೋಗಬೇಕೆಂದು ತೋರಿಸುವುದರಲ್ಲಿ. ನಗರದ ಸಮಸ್ಯೆ, ಸಾಮಾಜಿಕ ನ್ಯಾಯ ಎಂದು ಹೆಸರಿಟ್ಟುಕೊಂಡ ಉಪನ್ಯಾಸಗಳು ಎರಡೂ ಊರಲ್ಲಿ ಬೇಕಾದಷ್ಟು ನಡೆಯುತ್ತವೆ. ಮನೆ ಕಳೆದುಕೊಂಡವರು, ಚರಂಡಿ ತೊಳೆಯುವವರು, ಫುಟ್‌ಪಾತಿನಲ್ಲಿ ಸೊಪ್ಪು ಮಾರುವವರು, ಇವರ ಬದುಕೇ ಅಲ್ಲಿನ ವಿಷಯ. ಇವರಲ್ಲಿ ಒಬ್ಬರಾದರೂ ಸಭಾಂಗಣದೊಳಗೆ ಬಂದು, ಮೈಕು ಹಿಡಿದು, ಉತ್ತರ ಪಡೆದು ಹೊರಗೆ ಹೋದರೇ? ಈ ಒಂದು ಅಳತೆಗೋಲು ಹಿಡಿದರೆ ಎರಡೂ ಊರಿನ ಹುಳುಕು ಕಾಣುತ್ತದೆ, ಎರಡರ ಗಟ್ಟಿತನವೂ ಕಾಣುತ್ತದೆ.

ಮೊದಲು ಗಡಿಯಾರದ ವಿಷಯ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಾರ್ವಜನಿಕ ಉಪನ್ಯಾಸಗಳು ಬಹುಪಾಲು ಉಚಿತ, ಯಾರು ಬೇಕಾದರೂ ಬರಬಹುದು. ಸಂಜೆ 6.30ಕ್ಕೆ ಶುರುವಾದರೆ ಸಾಮಾನ್ಯವಾಗಿ 8 ಗಂಟೆಗೆ ಮುಗಿತಾಯ. ಒಟ್ಟು 90 ನಿಮಿಷ. ಪರಿಚಯಕ್ಕೆ 3, ಉಪನ್ಯಾಸಕ್ಕೆ 40ರಿಂದ 45, ಪ್ರತಿಕ್ರಿಯೆ ನೀಡುವವರಿದ್ದರೆ ಅವರಿಗೆ 10, ಉಳಿದ ಅರ್ಧ ಗಂಟೆ ಪೂರ್ತಿ ಪ್ರಶ್ನೆಗಳಿಗೆ. ವಂದನಾರ್ಪಣೆ ಒಂದು ವಾಕ್ಯ. ಒಂದು ಚಪ್ಪಾಳೆ.

ನಮ್ಮ ಲೆಕ್ಕ ಹೀಗೆ. ಆಹ್ವಾನ ಪತ್ರಿಕೆಯಲ್ಲಿ 5.30, ಶುರುವಾಗುವುದು 6ಕ್ಕೆ. ನಾಡಗೀತೆ, ದೀಪ ಬೆಳಗುವುದು 10 ನಿಮಿಷ. ವೇದಿಕೆಯ ಮೇಲೆ ಆರು ಜನ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಹಾರ ಹಾಕಿ, ಫೋಟೊಗೆ ನಿಲ್ಲಿಸಿದರೆ ತಲಾ ಎರಡು ನಿಮಿಷ, ಒಟ್ಟು 12. ಪ್ರಾಸ್ತಾವಿಕ ನುಡಿ 15. ಮುಖ್ಯ ಅತಿಥಿಗಳು 20. ಅಲ್ಲಿಗೆ ಏಳು ಗಂಟೆ ಬಾರಿಸುತ್ತದೆ, ಉಪನ್ಯಾಸಕರು ಇನ್ನೂ ಬಾಯಿ ತೆರೆದಿಲ್ಲ. ಅವರ 50 ನಿಮಿಷ, ಅಧ್ಯಕ್ಷೀಯ ನುಡಿ 20, ನೆನಪಿನ ಕಾಣಿಕೆ 5, ವಂದನಾರ್ಪಣೆ 8. ಗಂಟೆ 8.23. ಬಾಡಿಗೆ ಕಟ್ಟಿರುವುದು 8.30ರವರೆಗೆ. ಕಾವಲುಗಾರ ಆಗಲೇ ಹಿಂದಿನ ಸಾಲಿನ ಫ್ಯಾನು ಆರಿಸಲು ಶುರು ಮಾಡಿರುತ್ತಾನೆ. ‘ಸಮಯದ ಅಭಾವದಿಂದ ಒಂದೆರಡು ಪ್ರಶ್ನೆ ಮಾತ್ರ’ ಎಂದು ನಿರೂಪಕರು ಹೇಳುವುದು ಆಗ. ಆ ಅಭಾವ ಆಕಾಶದಿಂದ ಬಿದ್ದದ್ದಲ್ಲ, ನಾವೇ ಕೂಡಿಸಿಟ್ಟದ್ದು. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಸ್ವಾಗತ ಭಾಷಣಕ್ಕೆ ಗಡುವು ಹಾಕುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಹೊರನಾಡ ಕನ್ನಡ ಸಂಘಗಳೂ ಇದಕ್ಕೆ ಹೊರತಲ್ಲ. ಶಾಲು, ಮೈಸೂರು ಪೇಟ, ಫಲತಾಂಬೂಲ ವಿಮಾನ ಹತ್ತಿ ಬಂದಿವೆ. ಗಡಿಯಾರ ಮಾತ್ರ ಇಲ್ಲಿಯದನ್ನು ಕಲಿತಿಲ್ಲ.

ಹಾಗೆಂದು ಸ್ವಾಗತವನ್ನು ಬರಿಯ ಒಣ ಆಡಂಬರ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಭಾಂಗಣ ಪುಕ್ಕಟೆ ಕೊಟ್ಟವರಿದ್ದಾರೆ, ದತ್ತಿ ಇಟ್ಟವರ ಮಕ್ಕಳಿದ್ದಾರೆ, ಶಾಸಕರ ಹೆಸರು ಬಿಟ್ಟರೆ ಮುಂದಿನ ಸಲ ಅನುಮತಿಗೇ ಕಷ್ಟ. ಈ ಋಣ ತೀರಿಸಲೇಬೇಕು. ಆದರೆ ತೀರಿಸಲು ಬೇರೆ ದಾರಿಗಳಿವೆ. ಎಲ್ಲ ಹೆಸರುಗಳನ್ನೂ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ದೊಡ್ಡದಾಗಿ ಬರೆಸಿ, ಸ್ವಾಗತವನ್ನು ಒಂದೇ ಉಸಿರಿನಲ್ಲಿ ಮುಗಿಸಬಹುದು. ಹಾರ, ಶಾಲು, ಫೋಟೊ ಎಲ್ಲವನ್ನೂ 5.30ರಿಂದ 6ರ ನಡುವೆ, ಜನ ಬಂದು ಕೂರುತ್ತಿರುವಾಗ ಮುಗಿಸಬಹುದು. ಹೇಗೂ ಆ ಅರ್ಧ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ದತ್ತಿದಾನಿಗಳ ಮನೆಯವರಿಗೆ 3 ನಿಮಿಷ ಕೊಡಿ, ಅದು ನ್ಯಾಯ. ಅಧ್ಯಕ್ಷೀಯ ನುಡಿಯನ್ನು ಉಪನ್ಯಾಸಕ್ಕೆ ಮೊದಲೇ ಇಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಮೊದಲು ಮಾತಾಡುವ ಅಧ್ಯಕ್ಷರಿಗೆ ಸಾರಾಂಶ ಹೇಳಲು ಏನೂ ಇರುವುದಿಲ್ಲವಾದ್ದರಿಂದ ತಾವಾಗಿಯೇ ಚಿಕ್ಕದಾಗಿ ಮುಗಿಸುತ್ತಾರೆ. ಇಷ್ಟು ಮಾಡಿದರೆ ಒಂದು ಹಾರವನ್ನೂ ಕಡಿಮೆ ಮಾಡದೆ 35 ನಿಮಿಷ ಸಿಗುತ್ತದೆ.

ಪ್ರಶ್ನೆಗೆ ಸಮಯ ಸಿಕ್ಕಿತು ಎಂದುಕೊಳ್ಳೋಣ. ಅದು ಹಾಳಾಗುವ ಬಗೆಗಳೂ ಊರಿಗೊಂದು. ಲಂಡನ್ನಿನ ಅಧ್ಯಕ್ಷರಿಗೆ ಮೂರು ಮೂರು ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಚಟ. ನೋಡಲು ಚುರುಕು, ಆದರೆ ಉಪನ್ಯಾಸಕರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ: ಮೂರರಲ್ಲಿ ಸುಲಭವಾದದ್ದಕ್ಕೆ ಐದು ನಿಮಿಷ, ಎರಡನೆಯದಕ್ಕೆ ಅರ್ಧ ನಿಮಿಷ, ‘ನನ್ನ ಕಟ್ಟಡದ ಬಾಡಿಗೆ ಏಕೆ ಏರಿತು’ ಎಂದು ಕೇಳಿದ ಮೂರನೆಯವರ ಪ್ರಶ್ನೆ ಗಾಳಿಗೆ. ಒಂದಾದ ಮೇಲೆ ಒಂದು ತೆಗೆದುಕೊಂಡರೆ ಅರ್ಧ ಗಂಟೆಯಲ್ಲಿ ಎಂಟು ಹತ್ತು ಪ್ರಶ್ನೆ ಸಾಗುತ್ತವೆ. ಪ್ರತಿಯೊಂದಕ್ಕೂ ಉತ್ತರ ಬಂತೋ ಇಲ್ಲವೋ ಎಂಬುದು ಎಲ್ಲರ ಕಣ್ಣೆದುರು ಇರುತ್ತದೆ.

ನಮ್ಮಲ್ಲಿನ ಕಾಯಿಲೆ ಚೀಟಿ. ‘ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿ.’ ಬರೆಯಲು ಬಾರದವರು ಅಲ್ಲಿಗೇ ಹೊರಗೆ. ಬರೆದವರ ಚೀಟಿಯೂ ಸಂಘಟಕರ ಕೈ ದಾಟಬೇಕು. ಮುಜುಗರದ್ದು ಅಡಿಗೆ ಹೋಗಿ, ‘ಯುವಕರಿಗೆ ತಮ್ಮ ಸಂದೇಶವೇನು’ ಎಂಬುದು ಮೇಲೆ ಬರುತ್ತದೆ. ಇಲ್ಲಿ ಇದೇ ಕಾಯಿಲೆ ಮೊಬೈಲ್ ರೂಪದಲ್ಲಿದೆ. ಪ್ರಶ್ನೆಯನ್ನು ಫೋನಿನಲ್ಲಿ ಟೈಪ್ ಮಾಡಬೇಕು, ಹೆಚ್ಚು ಜನ ಒತ್ತಿದ್ದು ಮೇಲೆ ಏರುತ್ತದೆ. ಬಹುಮತದ ಪ್ರಶ್ನೆ ಗೆಲ್ಲುತ್ತದೆ, ಒಬ್ಬರದೇ ಆದ ಸಂಕಟ ಪರದೆಯ ಕೆಳಗೆ ಜಾರುತ್ತದೆ. ಸಾಮಾಜಿಕ ನ್ಯಾಯದ ಸಭೆಯಲ್ಲಿ ಇದೊಂದು ತಮಾಷೆಯೇ ಸರಿ.

ಬಾಯಲ್ಲೇ ಕೇಳಿಸಬೇಕು. ನೂರು ಜನರ ಸಭೆಗೆ ಸ್ವಯಂಸೇವಕರ ಕೈಯಲ್ಲಿ ಓಡಾಡುವ ಎರಡು ಕಾರ್ಡ್‌ಲೆಸ್ ಮೈಕು, ವೇದಿಕೆಗೆ ತಂತಿಯ ಒಂದು. ಮೈಕನ್ನು ಸ್ವಯಂಸೇವಕರೇ ಹಿಡಿದಿರಬೇಕು, ಕೇಳುವವರ ಕೈಗೆ ಕೊಡಬಾರದು. ಇದು ಇಲ್ಲಿಯ ಸಭೆಗಳಿಂದ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದ ಪಾಠ. ಮೈಕು ಕೈಗೆ ಹೋದರೆ ಪ್ರಶ್ನೆ ಭಾಷಣವಾಗುತ್ತದೆ, ವಾಪಸು ಕಿತ್ತುಕೊಳ್ಳುವುದು ಜಗಳವಾಗುತ್ತದೆ. ಕಾರ್ಡ್‌ಲೆಸ್ ಮೈಕಿನ ಬ್ಯಾಟರಿ ಸಭೆಗೆ ಮೊದಲು ಹೊಸದು ಹಾಕಿ, ಇನ್ನೊಂದು ಜೊತೆ ಜೇಬಿನಲ್ಲಿರಲಿ. ಹಳೆಯ ಬ್ಯಾಟರಿ ಕೈಕೊಡುವುದು ಯಾವಾಗಲೂ ಪ್ರಶ್ನೋತ್ತರದ ಹೊತ್ತಿಗೆ, ಏಕೆಂದರೆ ಅಷ್ಟು ಹೊತ್ತು ಸುಮ್ಮನೆ ಆನ್ ಆಗಿಯೇ ಇರುತ್ತದೆ. ಮೈಕು ಹಿಡಿದವರು ಸ್ಪೀಕರ್ ಪೆಟ್ಟಿಗೆಯ ಮುಂದೆ ಹಾದರೆ ಕಿವಿ ಒಡೆಯುವ ಕೀರಲು. ಪೆಟ್ಟಿಗೆಗಳನ್ನು ವೇದಿಕೆಯ ಅಂಚಿನಲ್ಲಿ, ಮೊದಲ ಸಾಲಿಗಿಂತ ಮುಂದೆ ಇಟ್ಟರೆ ಸಾಕು. ಮೊದಲ ಪ್ರಶ್ನೆ ಯಾರಿಗೆ ಎಂಬುದನ್ನು ಅಧ್ಯಕ್ಷರು ಮುಂಚೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಮುಂದಿನ ಸಾಲಿನ ನಿವೃತ್ತ ಎಂಜಿನಿಯರರಿಂದ ಶುರುವಾದರೆ ಸಭೆ ಪೂರ್ತಿ ಫ್ಲೈಓವರಿನ ಇಳಿಜಾರು, ಸಿಮೆಂಟಿನ ದರ್ಜೆ ಎಂದೇ ಸಾಗುತ್ತದೆ. ಆ ರಸ್ತೆಯಲ್ಲಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು ಆಮೇಲೆ ಕೈ ಎತ್ತುವುದಿಲ್ಲ.

ಆ ಹೆಂಗಸು ಸಭೆಗೆ ಬಂದಿದ್ದರೆ ತಾನೆ ಈ ಮಾತು. ಸಂಜೆ ಆರಕ್ಕೆ ಉಪನ್ಯಾಸ ಎಂದರೆ ಯಾರು ಬರಬಹುದು? ಸೊಪ್ಪು, ಹೂವು, ಪಾನಿಪೂರಿ ಮಾರುವವರ ವ್ಯಾಪಾರ ಕುದುರುವುದೇ ಐದರಿಂದ ಒಂಬತ್ತು. ಪೌರಕಾರ್ಮಿಕರು ಬೆಳಕು ಹರಿಯುವ ಮೊದಲು ಮನೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸುತ್ತಾರೆ. ಅವರಿಗೆ ಮೂರು ಗಂಟೆ ಸರಿ. ಮನೆಗೆಲಸದವರಿಗೆ ಬೆಳಗಿನ ಮನೆಗಳು ಮುಗಿದು ಸಂಜೆಯ ಮನೆಗಳು ಶುರುವಾಗುವ ನಡುವೆ ಎರಡೂವರೆಯಿಂದ ನಾಲ್ಕೂವರೆ. ಗಾರೆ ಕೆಲಸದವರಿಗೆ ಭಾನುವಾರ ಬೆಳಿಗ್ಗೆ. ಯಾರ ಬಗ್ಗೆ ಉಪನ್ಯಾಸವೋ ಅವರ ಬಿಡುವು ಕೇಳಿ ಸಮಯ ಇಡಬೇಕು. ನಮ್ಮ ಸಂಜೆ ಆರು ಪಿಂಚಣಿದಾರರ ಬಿಡುವು, ಲಂಡನ್ನಿನ ಆರೂವರೆ ಕಚೇರಿ ಬಿಟ್ಟವರ ಬಿಡುವು.

ಲಂಡನ್ನಿನಲ್ಲಿ ಇದರ ವ್ಯಂಗ್ಯ ಇನ್ನೂ ಚೂಪು. ಇಲ್ಲಿಯ ಕಚೇರಿ, ಕಾಲೇಜುಗಳನ್ನು ಗುಡಿಸುವವರ ಕೆಲಸ ನಸುಕಿನಲ್ಲಿ ಅಥವಾ ಸಂಜೆ, ಅಂದರೆ ಉಪನ್ಯಾಸ ನಡೆಯುವಾಗ ಅವರು ಪಕ್ಕದ ಕಾರಿಡಾರಿನಲ್ಲಿ ಮಾಪು ಹಿಡಿದಿರುತ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 2015ರಲ್ಲಿ ಅಸಮಾನತೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ತೆರೆಯಿತು. 2017ರಲ್ಲಿ ಅಲ್ಲಿಯ ಗುತ್ತಿಗೆ ಸ್ವಚ್ಛತಾ ಕಾರ್ಮಿಕರು ಮುಷ್ಕರ ಹೂಡಿದರು. ನೇರ ನೌಕರರಿಗಿರುವ ಕಾಯಿಲೆ ರಜೆ, ವಾರ್ಷಿಕ ರಜೆ, ಪಿಂಚಣಿ ನಮಗೂ ಕೊಡಿ ಎಂಬುದು ಬೇಡಿಕೆ. ಕೊನೆಗೆ ಗುತ್ತಿಗೆ ಬಿಟ್ಟು 2018ರಿಂದ ಅವರನ್ನು ಕಾಲೇಜೇ ನೇರವಾಗಿ ತೆಗೆದುಕೊಳ್ಳಲು ಒಪ್ಪಿತು. ಅಂಬೇಡ್ಕರರು 1923ರಲ್ಲಿ ಡಿಎಸ್‌ಸಿ ಡಾಕ್ಟರೇಟ್ ಪಡೆದದ್ದು ಇದೇ ಕಾಲೇಜಿನಲ್ಲಿ. ಅಸಮಾನತೆಯ ಬಗ್ಗೆ ಅಷ್ಟೊಂದು ಉಪನ್ಯಾಸ ನಡೆದ ಕಟ್ಟಡದಲ್ಲಿ, ಅದನ್ನು ಗುಡಿಸುವವರ ಅಸಮಾನತೆ ಬಗೆಹರಿಯಲು ಉಪನ್ಯಾಸ ಸಾಲದೆ ಮುಷ್ಕರವೇ ಬೇಕಾಯಿತು. ಬೆಂಗಳೂರಿನ ಪೌರಕಾರ್ಮಿಕರ ಕಥೆಯೂ ಅದೇ ದಾರಿಯದು. ಗುತ್ತಿಗೆಯಿಂದ ನೇರ ವೇತನಕ್ಕೆ, ಅಲ್ಲಿಂದ ಕಾಯಮಾತಿಗೆ ಬರಲು ಅವರು ವರ್ಷಗಟ್ಟಲೆ ಬೀದಿಯಲ್ಲಿ ಕೂರಬೇಕಾಯಿತು. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ 1970ರ ದಶಕದ್ದು. ಕಾಯಮಾತಿಯ ದೊಡ್ಡ ಕಂತು ಬಂದದ್ದು 2025ರ ಮೇ ದಿನದಂದು.

ಭಾಷೆಯ ವಿಷಯಕ್ಕೆ ಬರೋಣ. ಇದರಲ್ಲಿ ನಮಗೆ ಲಂಡನ್ ಹೇಳಿಕೊಡಬೇಕಾದ್ದು ಕಡಿಮೆ, ನಾವೇ ಮರೆತದ್ದು ಹೆಚ್ಚು. ವರ್ತಕ ಥಾಮಸ್ ಗ್ರೆಷಮ್‌ನ ಉಯಿಲಿನಿಂದ 1597ರಲ್ಲಿ ಹುಟ್ಟಿದ ಗ್ರೆಷಮ್ ಕಾಲೇಜು ಇಂದಿಗೂ ಪದವಿ ಕೊಡುವುದಿಲ್ಲ, ಬರೀ ಉಚಿತ ಸಾರ್ವಜನಿಕ ಉಪನ್ಯಾಸ ಕೊಡುತ್ತದೆ. ಆರಂಭದಲ್ಲಿ ಏಳು ಪ್ರಾಧ್ಯಾಪಕರಿದ್ದರು, ಒಂದೇ ಉಪನ್ಯಾಸವನ್ನು ಲ್ಯಾಟಿನ್‌ನಲ್ಲೂ ಇಂಗ್ಲಿಷಿನಲ್ಲೂ ಕೊಡಬೇಕಿತ್ತು. ಲ್ಯಾಟಿನ್ ಹೊರಗಿನಿಂದ ಬಂದ ವಿದ್ವಾಂಸರಿಗೆ, ಇಂಗ್ಲಿಷು ಊರಿನ ವ್ಯಾಪಾರಿಗಳಿಗೆ, ಹಡಗಿನವರಿಗೆ. ನಾನೂರು ವರ್ಷದ ಹಿಂದೆ ಇಂಗ್ಲಿಷಿಗಿದ್ದ ಸ್ಥಾನದಲ್ಲಿ ಇಂದು ಬೆಂಗಳೂರಿನಲ್ಲಿ ಕನ್ನಡವಿದೆ. ನಗರ ಯೋಜನೆ ಕುರಿತ ಉಪನ್ಯಾಸ ದೊಮ್ಮಲೂರಿನಲ್ಲಿ ನಡೆದರೆ ಇಂಗ್ಲಿಷು, ಬಸವನಗುಡಿಯಲ್ಲಿ ನಡೆದರೆ ಕನ್ನಡ, ಆದರೆ ಅಲ್ಲಿ ವಿಷಯ ಹೆಚ್ಚಾಗಿ ಸಾಹಿತ್ಯ. ಮಾಸ್ಟರ್ ಪ್ಲಾನಿನ ಮಾತು ಕನ್ನಡದಲ್ಲಿ ಆಗುವ ಜಾಗ ಹುಡುಕಬೇಕು. ಡಿವಿಜಿಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಸಾರ್ವಜನಿಕ ವಿಷಯಗಳನ್ನು ಸಾಮಾನ್ಯರು ಅರಿತು ಚರ್ಚಿಸಲಿ ಎಂದೇ. ಅದಕ್ಕೂ ಮೊದಲು, 1930ರ ದಶಕದಲ್ಲೇ, ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ನಡೆಸುತ್ತಿತ್ತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಅರ್ಥಶಾಸ್ತ್ರ, ಆರೋಗ್ಯ ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕು, ಆಮೇಲೆ ಆ ಉಪನ್ಯಾಸ ಅಗ್ಗದ ಕಿರುಹೊತ್ತಗೆಯಾಗಿ ಅಚ್ಚಾಗಬೇಕು. ಲಂಡನ್ನಿನ ಇಂದಿನ ಪಾಡ್‌ಕಾಸ್ಟ್ ಮಾಡುವ ಕೆಲಸವನ್ನು ನಮ್ಮ ಆ ಪುಸ್ತಿಕೆ ಮಾಡಿತ್ತು.

ಎರಡು ಭಾಷೆಯ ಸಭೆ ನಡೆಸುವುದು ಸುಲಭವಲ್ಲ. ಕೇಳುವವರ ಕಿವಿಯಲ್ಲಿ ಪಿಸುಗುಟ್ಟುವ ಅನುವಾದ ನಾಲ್ಕೈದು ಜನರಿಗಷ್ಟೇ ಸರಿ. ಹೆಚ್ಚಾದರೆ ಹಿಂದಿನ ಸಾಲೇ ಒಂದು ಸಂತೆ. ಉಪನ್ಯಾಸಕರು ಒಂದು ಪ್ಯಾರಾ ಹೇಳಿ, ಅನುವಾದಕರು ಒಂದು ಪ್ಯಾರಾ ಹೇಳುವ ಕ್ರಮ ದೊಡ್ಡ ಸಭೆಗೆ ಒಗ್ಗುತ್ತದೆ, ಆದರೆ ಸಮಯ ದುಪ್ಪಟ್ಟು. ಆದ್ದರಿಂದ 45 ನಿಮಿಷದ ಉಪನ್ಯಾಸವನ್ನು 20ಕ್ಕೆ ಇಳಿಸಬೇಕು. ಅದನ್ನು ಮೊದಲೇ ಹೇಳದಿದ್ದರೆ ಯಾವ ಉಪನ್ಯಾಸಕರೂ ಇಳಿಸುವುದಿಲ್ಲ, ಅನುವಾದಕರೇ ಅರ್ಧ ನುಂಗಬೇಕಾಗುತ್ತದೆ. ಅನುವಾದಕರಿಗೆ ಎರಡು ದಿನ ಮುಂಚೆ ಟಿಪ್ಪಣಿ ಸಿಗಬೇಕು, ಪದಗಳ ಪಟ್ಟಿ ಕೂತು ಮಾಡಿಕೊಳ್ಳಬೇಕು. ‘ಒಳಗೊಳ್ಳುವ ಸುಸ್ಥಿರ ನಗರಾಭಿವೃದ್ಧಿ’ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಖಾತೆ, ಹಕ್ಕುಪತ್ರ, ರಾಜಕಾಲುವೆ, ಒತ್ತುವರಿ, ಬಿ ಖಾತಾ, ತೆರವು ಎಂದರೆ ಇಡೀ ಸಭೆ ನೆಟ್ಟಗೆ ಕೂರುತ್ತದೆ. ಬೆಂಗಳೂರಿನ ಕೊಳೆಗೇರಿಯ ಸಭೆಯಾದರೆ ತಮಿಳು, ತೆಲುಗು, ದಖನಿ ಉರ್ದುವಿಗೂ ಒಬ್ಬೊಬ್ಬರು ಬೇಕು. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ಲಂಡನ್ನಿನ ವೈಟ್‌ಚಾಪೆಲ್ ನಿಲ್ದಾಣಕ್ಕೆ 2022ರಲ್ಲಿ ಬಂಗಾಳಿಯಲ್ಲೂ ಹೆಸರು ಬರೆದರು, ಇಂಗ್ಲಿಷೇನೂ ಕುಗ್ಗಲಿಲ್ಲ.

ಕನ್ನಡದ ಸ್ಲೈಡುಗಳಿಗೆ ಒಂದು ಕಾಟ ಅಂಟಿಕೊಂಡೇ ಇದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಸ್ಲೈಡನ್ನು ಸಭಾಂಗಣದ ಕಂಪ್ಯೂಟರಿಗೆ ಹಾಕಿದರೆ ಅಕ್ಷರದ ಬದಲು ಚಿತ್ತಾರ. ಆ ಫಾಂಟು ಅಲ್ಲಿಲ್ಲದಿದ್ದರೆ ಕಂಪ್ಯೂಟರ್ ಅದನ್ನು ಕನ್ನಡವೆಂದು ಗುರುತಿಸುವುದೇ ಇಲ್ಲ. ಯೂನಿಕೋಡ್‌ನಲ್ಲಿ ಮಾಡಿ, ಮೇಲಾಗಿ ಪಿಡಿಎಫ್ ಆಗಿ ಉಳಿಸಿ ತನ್ನಿ, ಒತ್ತಕ್ಷರ ಕದಲುವುದಿಲ್ಲ. ಒಂದು ಸ್ಲೈಡಿಗೆ ಆರು ಸಾಲು ಮೀರಬಾರದು. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಇರುವುದರಿಂದ ಇಂಗ್ಲಿಷಿಗಿಂತ ಸಾಲಿನ ನಡುವೆ ಜಾಗ ಹೆಚ್ಚು ಬೇಕು.

ನಕ್ಷೆ ಇದಕ್ಕಿಂತ ಮುಖ್ಯ. ಯೋಜನಾ ನಕ್ಷೆಯಲ್ಲಿ ಸರ್ವೆ ನಂಬರ್ ಇರುತ್ತದೆ, ಹಳದಿ ಕೆಂಪು ನೇರಳೆ ಬಣ್ಣವಿರುತ್ತದೆ, ಆದರೆ ತನ್ನ ಮನೆ ಎಲ್ಲಿ ಎಂದು ಯಾರಿಗೂ ಸಿಗುವುದಿಲ್ಲ. ಲಂಡನ್ನಿನಲ್ಲಿ ಕಟ್ಟಡದ ಅರ್ಜಿ ಹಾಕುವವರು ಸಾಮಾನ್ಯವಾಗಿ 1:1250 ಅಥವಾ 1:2500 ಅಳತೆಯ ನಕ್ಷೆಯಲ್ಲಿ ಜಾಗದ ಸುತ್ತ ಕೆಂಪು ಗೆರೆ ಎಳೆದು ಕೊಡಬೇಕು, ಸುತ್ತಲಿನ ರಸ್ತೆಗಳ ಹೆಸರು ಇರಬೇಕು, ಜನರಿಗೆ ಅಭಿಪ್ರಾಯ ಹೇಳಲು ಕನಿಷ್ಠ 21 ದಿನ ಸಿಗಬೇಕು. ಆ ಕೆಂಪು ಗೆರೆ ದೊಡ್ಡ ಉಪಕಾರ: ತಾನು ಒಳಗಿದ್ದೇನೋ ಹೊರಗಿದ್ದೇನೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ನಮ್ಮ ಸಭೆಗಳಿಗೂ ವಾರ್ಡಿನ ನಕ್ಷೆಯನ್ನು ದೊಡ್ಡ ಎ0 ಅಳತೆಯ ಹಾಳೆಯಲ್ಲಿ ಮುದ್ರಿಸಿ ಬಾಗಿಲ ಬಳಿ ತೂಗುಹಾಕಬೇಕು. ಮಾರಮ್ಮನ ಗುಡಿ, ಸರ್ಕಾರಿ ಶಾಲೆ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ನೀರಿನ ಟ್ಯಾಂಕು ಇವಿಷ್ಟನ್ನು ಕೈಯಲ್ಲೇ ಗುರುತು ಹಾಕಿದರೆ ಸಾಕು. ಬಂದವರು ತಮ್ಮ ಮನೆಗೆ ಒಂದು ಬಿಂದಿ ಅಂಟಿಸಿ ಒಳಗೆ ಬರಲಿ. ಹಾಳೆಯೊಂದಕ್ಕೆ ಕೆಲವೇ ರೂಪಾಯಿಯ ಹಣೆಬೊಟ್ಟು. ಉಪನ್ಯಾಸ ಶುರುವಾಗುವ ಮೊದಲೇ ಯಾವ ಬೀದಿಯವರು ಬಂದಿದ್ದಾರೆ, ಯಾವ ಕೇರಿಯವರು ಬಂದೇ ಇಲ್ಲ ಎನ್ನುವುದು ಸಂಘಟಕರಿಗೆ ಕಾಣುತ್ತದೆ. ಆ ಖಾಲಿ ಜಾಗ ನಾಚಿಕೆಪಡಿಸಿದರೆ ಮುಂದಿನ ಸಭೆಯನ್ನು ಅಲ್ಲೇ ಇಡಬಹುದು.

ಸಂಕಟ ಉಂಡವರನ್ನು ವೇದಿಕೆಗೆ ಹತ್ತಿಸುವುದರಲ್ಲಿ ಎರಡೂ ಊರಿನದು ಒಂದೇ ತಪ್ಪು. ‘ಅನುಭವ ಹಂಚಿಕೆ’ ಎಂದು ಅವರಿಗೆ ಐದು ನಿಮಿಷ, ಆಮೇಲೆ ತಜ್ಞರಿಗೆ ನಲವತ್ತು. ಕಣ್ಣೀರು ಅವರದು, ವಿಶ್ಲೇಷಣೆ ಇವರದು. ಬೆಂಗಳೂರಿನ ಈಜಿಪುರದ ಬಡವರ ವಸತಿಯಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದಾಗ, ಯಾವ ಕಾಗದ ಯಾರ ಬಳಿ ಇತ್ತು, ಜೆಸಿಬಿ ಎಷ್ಟು ಗಂಟೆಗೆ ಬಂತು ಎಂಬುದು ಅಲ್ಲಿದ್ದವರಿಗೆ ಗೊತ್ತಿದ್ದಷ್ಟು ಯಾವ ಸಂಶೋಧಕರಿಗೂ ಗೊತ್ತಿರಲು ಸಾಧ್ಯವಿಲ್ಲ. ಅವರೇ ಮೊದಲ ಇಪ್ಪತ್ತು ನಿಮಿಷ ನಡೆದದ್ದನ್ನು ಕ್ರಮವಾಗಿ ಹೇಳಲಿ. ತಜ್ಞರು ಅದರ ಕಾನೂನು, ಟೆಂಡರು ವಿವರಿಸಲಿ. ಬಂದವರಿಗೆ ಶಾಲಿನ ಬದಲು ಅಂದಿನ ಕೂಲಿ, ಆಟೋ ಬಾಡಿಗೆ ಲಕೋಟೆಯಲ್ಲಿ ಅಂದೇ ಕೊಡಬೇಕು. ಚೆಕ್ಕು, ಪ್ಯಾನ್ ನಂಬರ್ ಎಂದು ತಿಂಗಳು ಓಡಾಡಿಸಬಾರದು. ಲಂಡನ್ನಿನಲ್ಲಿ ಇಂಥ ಹಣ ಕೊಡುವುದರಲ್ಲೂ ಒಂದು ತೊಡಕಿದೆ. ಸರ್ಕಾರದ ಭತ್ಯೆ ಪಡೆಯುವವರಿಗೆ ಅದು ಆದಾಯವೆಂದು ಲೆಕ್ಕಕ್ಕೆ ಬಂದು ಭತ್ಯೆ ಕಡಿತವಾಗಬಹುದು, ಆದ್ದರಿಂದ ಮೊದಲೇ ಕೇಳಿ ತಿಳಿದು ಕೊಡಬೇಕು.

ಕ್ಯಾಮೆರಾ ವೇದಿಕೆಯ ಕಡೆಗಷ್ಟೇ ಇರಲಿ. ಬಾಡಿಗೆ ಮನೆಯವರು, ದಾಖಲೆಯಿಲ್ಲದ ಜಾಗದಲ್ಲಿ ಇರುವವರು, ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಕೇಳಿದ ಪ್ರಶ್ನೆ ಯೂಟ್ಯೂಬಿಗೆ ಮುಖದ ಸಮೇತ ಹೋದರೆ ಮರುದಿನ ಕೆಲಸಕ್ಕೆ ಕುತ್ತು. ಇಲ್ಲಿ ಬಾಗಿಲಲ್ಲೇ ‘ಚಿತ್ರೀಕರಣ ನಡೆಯುತ್ತಿದೆ’ ಎಂದು ಫಲಕ ಹಾಕುತ್ತಾರೆ. ಅಷ್ಟು ಸಾಲದು, ಕ್ಯಾಮೆರಾ ಕಾಣದ ನಾಲ್ಕು ಸಾಲು ಬೇರೆ ಇಡುವುದು ಉತ್ತಮ.

ಲಂಡನ್ನಿನ ಶಿಸ್ತನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಇಲ್ಲಿಯ ಉಪನ್ಯಾಸ ಸಭ್ಯವಾಗಿ ಶುರುವಾಗಿ ಸಭ್ಯವಾಗಿ ಮುಗಿಯುತ್ತದೆ, ಆಗಾಗ ಆ ಸಭ್ಯತೆಯೇ ಮುಸುಕು. ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ಸಾರ್ವಜನಿಕ ವಸತಿ ಕಟ್ಟಡದಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿಗೆ 72 ಜನ ಬಲಿಯಾದರು. ಅದಕ್ಕೆ ಏಳು ತಿಂಗಳು ಮೊದಲೇ, 2016ರ ನವೆಂಬರಿನಲ್ಲಿ, ಅಲ್ಲಿಯ ನಿವಾಸಿಗಳ ಗುಂಪು ದೊಡ್ಡ ದುರಂತವಾದರಷ್ಟೇ ಕಟ್ಟಡ ನೋಡಿಕೊಳ್ಳುವವರ ಅಸಮರ್ಥತೆ ಬಯಲಾಗುತ್ತದೆ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದಿತ್ತು. ಬೆಂಕಿಯ ನಂತರ ವಸತಿ ನ್ಯಾಯದ ಉಪನ್ಯಾಸಗಳಿಗೆ ಬರವಿರಲಿಲ್ಲ. ಬೆಂಕಿಗೆ ಮೊದಲು ಆ ಬರಹ ಓದಿ ನಿವಾಸಿಗಳನ್ನು ಕರೆದು ವೇದಿಕೆ ಕೊಡಬೇಕಾದ ಹೊತ್ತಿನಲ್ಲಿ ನಗರ ತನ್ನ ಪಾಡಿಗೆ ತಾನಿತ್ತು.

ಲಂಡನ್ನಿನ ನಿಜವಾದ ಬಲ ಉಪನ್ಯಾಸದ ಪಕ್ಕದಲ್ಲಿ ಇರುವ ಕಾನೂನಿನ ವೇದಿಕೆಗಳು. ಮೇಯರ್ ಮತ್ತು ನಗರದ ಚುನಾಯಿತ ಸಭೆಯಾದ ಲಂಡನ್ ಅಸೆಂಬ್ಲಿ ವರ್ಷಕ್ಕೆ ಎರಡು ಸಲ ಜನರ ಮುಂದೆ ಕೂತು ಪ್ರಶ್ನೆಗೆ ಉತ್ತರ ಕೊಡಬೇಕೆಂದು ಗ್ರೇಟರ್ ಲಂಡನ್ ಪ್ರಾಧಿಕಾರದ 1999ರ ಕಾಯ್ದೆಯೇ ಹೇಳುತ್ತದೆ. 2018ರಿಂದ, ಮೇಯರ್ ಹಣ ಬಳಸಿ ಸಾರ್ವಜನಿಕ ವಸತಿಯನ್ನು ಕೆಡವಿ ಕಟ್ಟುವ ದೊಡ್ಡ ಯೋಜನೆಗೆ ಅಲ್ಲಿಯ ನಿವಾಸಿಗಳ ಮತದಾನ ಕಡ್ಡಾಯ. ಉಪನ್ಯಾಸದಲ್ಲಿ ಕೇಳಿಸಿಕೊಂಡದ್ದನ್ನು ಹಿಡಿದು ಹೋಗಲು ಒಂದು ಬಾಗಿಲಿದೆ.

ನಮ್ಮಲ್ಲಿ ಬಾಗಿಲುಗಳು ಇಲ್ಲವೆಂದಲ್ಲ, ಬೀಗ ಬಿದ್ದಿವೆ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿ ಬೇಕೆಂದಿತು. ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ; 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಕೊಟ್ಟಿದೆ, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ. ಇನ್ನು ದೊಡ್ಡ ಯೋಜನೆಗಳ ಪರಿಸರ ಪರಿಣಾಮ ಅಳೆಯುವ 2006ರ ಅಧಿಸೂಚನೆಯಲ್ಲಿರುವ ಸಾರ್ವಜನಿಕ ಅಹವಾಲಿನ ಕ್ರಮ ನೋಡಿ: 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸು, ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಸಭೆಯ ಪೂರ್ತಿ ವಿಡಿಯೊ, ಕೊನೆಯಲ್ಲಿ ಯಾರು ಏನು ಹೇಳಿದರೆಂಬ ನಡಾವಳಿಯನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಿ, ಅಂದೇ ಅಧಿಕಾರಿಯ ಸಹಿ. ಲಂಡನ್ನಿನ ಯಾವ ಉಪನ್ಯಾಸದ ಕೊನೆಯಲ್ಲೂ ‘ನೀವು ಹೇಳಿದ್ದು ಇದು, ಸರಿಯಾಗಿ ಬರೆದುಕೊಂಡಿದ್ದೇವೆಯೇ’ ಎಂದು ಸಭೆಗೆ ಓದಿ ಹೇಳುವ ಪದ್ಧತಿಯಿಲ್ಲ. ಅಹವಾಲುಗಳು ನಡೆಯುವ ರೀತಿಯ ಬಗ್ಗೆ ತಕರಾರು ಸಾಕಷ್ಟಿವೆ, ನ್ಯಾಯವಾದವೇ. ಆದರೆ ಆ ಒಂದು ನಿಯಮವನ್ನು ಕನ್ನಡದ ಉಪನ್ಯಾಸ ಸಭೆಗಳು ಎತ್ತಿಕೊಂಡರೆ ಲಂಡನ್ನಿಗೇ ಪಾಠ ಹೇಳಬಹುದು. ವಂದನಾರ್ಪಣೆಯ ಎಂಟು ನಿಮಿಷ ಅದಕ್ಕೆ ಸಾಕು.

ಬಯಲಿನ ಮಾತು ಬೇರೆ. ಹೈಡ್ ಪಾರ್ಕಿನ ಮೂಲೆಯಲ್ಲಿ ಯಾರು ಬೇಕಾದರೂ ನಿಂತು ಭಾಷಣ ಮಾಡಬಹುದು, ಧ್ವನಿವರ್ಧಕ ಮಾತ್ರ ಕೂಡದು. ಬೆಂಗಳೂರಿನಲ್ಲಿ ಧ್ವನಿವರ್ಧಕ ಸಿಗುತ್ತದೆ, ಜಾಗ ಸಿಗುವುದಿಲ್ಲ. ಪುರಭವನದ ಮೆಟ್ಟಿಲಿನ ಮೇಲೆ ನಡೆಯುತ್ತಿದ್ದ ಮಾತೆಲ್ಲ 2021ರ ಪೊಲೀಸ್ ಆದೇಶದ ನಂತರ ಫ್ರೀಡಂ ಪಾರ್ಕಿಗೆ, ಅಂದರೆ ಹಳೆಯ ಜೈಲಿನ ಅಂಗಳಕ್ಕೆ ಹೋಯಿತು. ಆದರೂ ನಮ್ಮ ವೇದಿಕೆಯ ಮಾತಿಗಿದ್ದ ಖಾರ ಲಂಡನ್ನಿನ ಆರೂವರೆಯ ಸಭೆಗಳಲ್ಲಿ ಸಿಗುವುದು ಅಪರೂಪ. ತಲೆಯ ಮೇಲೆ ಮಲ ಹೊರುವುದನ್ನು ಪೌರಾಡಳಿತ ಸಚಿವರಾಗಿ ನಿಷೇಧಿಸಿದ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು, ಅವರ ಸಚಿವ ಸ್ಥಾನ ಹೋಯಿತು, ಕರ್ನಾಟಕದ ದಲಿತ ಚಳವಳಿ ಮೈಕೊಡವಿ ಎದ್ದಿತು. ಆ ಭಾಷಣದ ಕೊನೆಗೆ ಪ್ರಶ್ನೋತ್ತರ ಇತ್ತೇ ಎಂದು ಯಾರೂ ಕೇಳಲಿಲ್ಲ, ಉತ್ತರವನ್ನು ಊರೂರಲ್ಲಿ ಬೀದಿಯೇ ಕೊಟ್ಟಿತು. ಅಂಥ ಭಾಷಣ ನೂರಕ್ಕೊಂದು. ಉಳಿದ ತೊಂಬತ್ತೊಂಬತ್ತಕ್ಕೆ ಗಡಿಯಾರ, ಮೈಕು, ನಡಾವಳಿಯೇ ಗತಿ.

ನಡಾವಳಿ ಬರೆದ ಮೇಲೆ ಏನು? ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನು ಬೇರೆ ತೆಗೆಯಿರಿ, ಹತ್ತರಲ್ಲಿ ನಾಲ್ಕು ಅಂಥವೇ ಇರುತ್ತವೆ. ‘ನಮ್ಮ ಬೀದಿಯ ಒಳಚರಂಡಿಗೆ ಮಂಜೂರಾದ ದುಡ್ಡು ಎಷ್ಟು, ಬಿಲ್ಲು ಪಾಸಾಗಿದೆಯೇ’ ಎಂಬುದಕ್ಕೆ ಯಾವ ಪ್ರಾಧ್ಯಾಪಕರ ಬಳಿಯೂ ಉತ್ತರವಿಲ್ಲ, ಅದು ಕಚೇರಿಯ ಕಡತದಲ್ಲಿದೆ. ಇಂಗ್ಲೆಂಡಿನಲ್ಲಿ ಮಾಹಿತಿ ಸ್ವಾತಂತ್ರ್ಯದ ಕಾಯ್ದೆಯಡಿ ಅರ್ಜಿಗೆ ಶುಲ್ಕವಿಲ್ಲ, 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ಮಾಹಿತಿ ಹಕ್ಕಿಗೆ 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕಟ್ಟು ಇದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮೈಕಿನ ಮುಂದೆ ಕೇಳಿದ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಮೂರು ವಿಷಯ ಹೆಣೆದುಕೊಂಡಿರುತ್ತವೆ, ಹಾಗೆಯೇ ಬರೆದರೆ ಅರ್ಜಿ ವಾಪಸು. ಬಿಡಿಸಿ ಮೂರು ಅರ್ಜಿ ಮಾಡಬೇಕು. ‘ಏಕೆ ಮಾಡಲಿಲ್ಲ’ ಎಂದು ಕೇಳದೆ ‘ಕಾಮಗಾರಿ ಆದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಬಿಲ್ಲಿನ ಪ್ರತಿ ಕೊಡಿ’ ಎಂದು ಕೇಳಬೇಕು. ‘ಏಕೆ’ ಎಂಬುದಕ್ಕೆ ಕಡತದಲ್ಲಿ ಉತ್ತರ ಇರುವುದಿಲ್ಲ, ಪ್ರತಿಗಳು ಇರುತ್ತವೆ. ಟೀ ಕುಡಿಯುವ ಹೊತ್ತಿನಲ್ಲೇ ಇಬ್ಬರು ಸ್ವಯಂಸೇವಕರು ಕೂತು ಇದನ್ನು ಬರೆಯಬಹುದು. ಪ್ರಶ್ನೆ ಕೇಳಿದವರ ಹೆಸರಿನಲ್ಲೇ ಹಾಕಬೇಕೆಂದಿಲ್ಲ. ಹೆದರಿಕೆಯಿದ್ದರೆ ಸಂಘಟಕರಲ್ಲಿ ಒಬ್ಬರ ಹೆಸರಿನಲ್ಲಿ ಹಾಕಿ. ಮೂರು ಪ್ರತಿ ಮಾಡಿ: ಒಂದು ಕಚೇರಿಗೆ, ಒಂದು ಕೇಳಿದವರ ಕೈಗೆ, ಮೂರನೆಯದು ಮುಂದಿನ ಉಪನ್ಯಾಸದಲ್ಲಿ ನಾಡಗೀತೆ ಮುಗಿದ ಕೂಡಲೇ ಬಂದ ಉತ್ತರದ ಸಮೇತ ಓದಲು.